ಹತ್ತಿಕಾಯಿಯೊಳಗಿನ ಗುಲಾಬಿ ಹುಳು

ಇಳಕಲ್ ಸೀರೆಯ ಒಡಲಿಗೆ ಹತ್ತಿ ನೂಲು ಬೇಕು. ಹುನಗುಂದ, ಬಾದಾಮಿ, ಬಾಗಲಕೋಟೆ ಸೀಮೆಯ ಎರೆ ಹೊಲಗಳಲ್ಲಿ ಹತ್ತಿ ಬಿತ್ತಿದ ಮನೆಗಳಿಗೆ ಮಕ್ಕಳ ಫೀ, ಅಂಗಡಿಯ ಬಾಕಿ, ಹಬ್ಬದ ಬಟ್ಟೆ ಎಲ್ಲಕ್ಕೂ ಆ ಬೆಳೆಯೇ ಆಸರೆ. ಈ ಲೆಕ್ಕವನ್ನು ಬುಡಮೇಲು ಮಾಡಬಲ್ಲ ಜೀವಿಯೊಂದಿದೆ. ಅದರ ಉದ್ದ ಸುಮಾರು ಒಂದು ಸೆಂಟಿಮೀಟರ್! ಅದೇ ಗುಲಾಬಿ ಕಾಯಿಕೊರಕದ ಪತಂಗ.

ಇದರ ಶಾಸ್ತ್ರೀಯ ಹೆಸರು ಪೆಕ್ಟಿನೊಫೊರಾ ಗಾಸಿಪಿಯೆಲ್ಲಾ. 1842ರಲ್ಲಿ ಭಾರತದ ಹತ್ತಿ ಬೆಳೆಯಲ್ಲಿ ಸಿಕ್ಕ ಮಾದರಿಗಳನ್ನು ಆಧರಿಸಿ ಸಾಂಡರ್ಸ್ ಎಂಬ ಕೀಟತಜ್ಞ 1843ರಲ್ಲಿ ಇದನ್ನು ವರ್ಣಿಸಿದ. ಬೂದು ಮಿಶ್ರಿತ ಕಂದು ಬಣ್ಣದ ಮುಂದಿನ ರೆಕ್ಕೆಗಳ ಮೇಲೆ ಕಪ್ಪು ಮಚ್ಚೆಗಳಿವೆ. ಹಿಂದಿನ ರೆಕ್ಕೆಗಳ ಅಂಚಿಗೆ ನೀಳವಾದ ರೋಮಗಳ ಝಾಲರಿ. ಹಗಲೆಲ್ಲ ನೆಲದ ಬಿರುಕು, ಕಸಕಡ್ಡಿಗಳಲ್ಲಿ ಅಡಗಿದ್ದು ರಾತ್ರಿ ಹಾರಾಡುತ್ತದೆ.

ಹೆಣ್ಣು ಪತಂಗವು ಮೊಗ್ಗು, ಎಳೆಗಾಯಿಗಳ ಮೇಲೆ ತತ್ತಿ ಇಡುತ್ತದೆ. ನಾಲ್ಕೈದು ದಿನಗಳಲ್ಲಿ ಹೊರಬರುವ ಮರಿಹುಳು ಮೊದಲು ಬೆಳ್ಳಗಿರುತ್ತದೆ. ಬಲಿತಂತೆ ಗುಲಾಬಿ ಬಣ್ಣ ತಾಳುತ್ತದೆ. ಹೂವನ್ನು ಹೊಕ್ಕ ಹುಳು ಎಸಳುಗಳನ್ನು ರೇಷ್ಮೆ ಎಳೆಯಿಂದ ಹೆಣೆದು ಹೂ ಅರಳದಂತೆ ಮಾಡುತ್ತದೆ. ಕಾಯಿ ಹೊಕ್ಕ ಹುಳುವಂತೂ ಜಾಣ ಕಳ್ಳ. ಕಾಯಿ ಬೆಳೆದಂತೆ ಒಳಹೊಕ್ಕ ತೂತು ತಾನಾಗಿಯೇ ಮುಚ್ಚಿಹೋಗುತ್ತದೆ. ಹೊರಗೆ ಕಾಯಿ ಹಸಿರು, ಒಳಗೆ ಬೀಜ ಟೊಳ್ಳು, ಅರಳೆ ಕಲೆಗಟ್ಟಿದ್ದು! ಎರಡು ವಾರದ ಬಳಿಕ ಹುಳು ಕೋಶವಾಗಿ, ಮತ್ತೆ ಎಂಟು-ಹತ್ತು ದಿನಗಳಲ್ಲಿ ಪತಂಗವಾಗುತ್ತದೆ.

ಬೇಸಾಯ ಮುಗಿದ ಮೇಲೆ ಇದು ಸಾಯುತ್ತದೆಯೇ? ಇಲ್ಲ. ದಿನಗಳು ಗಿಡ್ಡವಾಗಿ ಚಳಿ ಬಿದ್ದಾಗ ಕೆಲವು ಹುಳುಗಳು ಎರಡು ಬೀಜಗಳನ್ನು ಜೋಡಿಸಿಕೊಂಡು ಒಳಗೆ ನಿದ್ರಾವಸ್ಥೆಗೆ ಜಾರುತ್ತವೆ. ಒಣಗಿದ ಕಾಯಿ, ಮಣ್ಣು, ಒಲೆಗೆಂದು ಹಿತ್ತಲಲ್ಲಿ ಒಟ್ಟಿದ ಹತ್ತಿಕಟ್ಟಿಗೆ ಇವುಗಳ ಆಶ್ರಯ. ಮುಂದಿನ ಹಂಗಾಮಿನಲ್ಲಿ ಇವೇ ಪತಂಗಗಳಾಗಿ ಹೊರಬೀಳುತ್ತವೆ.

ಮಣ್ಣಿನ ಬ್ಯಾಕ್ಟೀರಿಯಾ ಒಂದರ ಜೀನ್ ಹೊಂದಿದ ಬಿಟಿ ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. 2006ರಲ್ಲಿ ಎರಡು ಜೀನ್‌ಗಳ ತಳಿ ಬಂತು. ಮೊದಮೊದಲು ಹುಳು ತಗ್ಗಿತು. ಆದರೆ ಈ ಹುಳುವಿಗೆ ಹತ್ತಿಯೇ ಮುಖ್ಯ ಆಹಾರ. ಊರಿಗೆ ಊರೇ ಬಿಟಿ ಬೆಳೆದಾಗ ಆ ವಿಷವನ್ನು ತಾಳಿಕೊಂಡ ಹುಳುಗಳಷ್ಟೇ ಉಳಿದು ಸಂತತಿ ಬೆಳೆಸಿದವು. 2010ರ ಹೊತ್ತಿಗೆ ಗುಜರಾತಿನಲ್ಲಿ ಮೊದಲ ತಳಿಗೆ ನಿರೋಧಕತೆ ಖಚಿತವಾಯಿತು. ಎರಡು ಜೀನ್‌ಗಳ ತಳಿಯೂ ಮುಂದೆ ಸೋತಿತು.

ಹಾಗೆಂದು ಕೈಚೆಲ್ಲಬೇಕಿಲ್ಲ. ಅಮೆರಿಕವು ಬಿಟಿ ಹತ್ತಿ, ಬಂಜೆ ಮಾಡಿದ ಪತಂಗಗಳ ಬಿಡುಗಡೆ, ಮೋಹಕ ವಸ್ತು ಮತ್ತು ಬೇಸಾಯ ಕ್ರಮಗಳನ್ನು ಒಟ್ಟಿಗೆ ಬಳಸಿ, ತನ್ನ ಹತ್ತಿ ಪ್ರದೇಶಗಳಿಂದ ಇದನ್ನು ನಿರ್ಮೂಲಗೊಳಿಸಿದ್ದಾಗಿ 2018ರಲ್ಲಿ ಸಾರಿತು. ನಮ್ಮಲ್ಲಿ ಹೆಕ್ಟೇರಿಗೆ 5 ಮೋಹಕ ಬಲೆ ಕಟ್ಟಿ ಗಮನಿಸಬೇಕು. ಬಲೆಯೊಂದಕ್ಕೆ ರಾತ್ರಿಗೆ 8 ಪತಂಗಗಳಂತೆ ಸತತ ಮೂರು ರಾತ್ರಿ ಬಿದ್ದರೆ ಕ್ರಮ ಕೈಗೊಳ್ಳಬೇಕು. ಡಿಸೆಂಬರಿನೊಳಗೆ ಬೆಳೆ ಮುಗಿಸಿ ಕಟ್ಟಿಗೆಯನ್ನು ನಾಶಪಡಿಸಬೇಕು. ಆದರೆ ಒಬ್ಬನೇ ಮಾಡಿದರೆ ಸಾಲದು. ಪತಂಗಕ್ಕೆ ಹೊಲದ ಬದು ಅಡ್ಡಿಯಲ್ಲ, ಇಡೀ ಊರು ಕೂಡಿ ಮಾಡಬೇಕು.

ವಿದ್ಯಾರ್ಥಿಗಳು ಇದರಲ್ಲಿ ನೆರವಾಗಬಹುದು. ರಜೆಯ ದಿನ ಅಪ್ಪನೊಂದಿಗೆ ಹೊಲಕ್ಕೆ ಹೋಗಿ ಅಲ್ಲಲ್ಲಿ 20 ಹಸಿರು ಕಾಯಿ ಬಿಡಿಸಿ ನೋಡಿ. ಎರಡಕ್ಕಿಂತ ಹೆಚ್ಚು ಕಾಯಿಗಳಲ್ಲಿ ಹುಳು ಕಂಡರೆ ತಡಮಾಡದೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಪಾಠದಲ್ಲಿ ಓದಿದ ಜೀವನಚಕ್ರ ಅಲ್ಲಿ ಅಂಗೈ ಮೇಲೆ ಕಾಣುತ್ತದೆ. ಮನೆಯ ಬೆಳೆಯೂ ಉಳಿದೀತು.