ಗುಣಿಸುವ ಮೊದಲಿನ ಕೆಲಸ

9,750 × 12 × 18 × 85/100. ಉತ್ತರ 17,90,100 ರೂಪಾಯಿ.

2014ರಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಲೆಕ್ಕವಿದು. 2008ರ ಅಪಘಾತದಲ್ಲಿ ಬಲಗಾಲು ಕಳೆದುಕೊಂಡ, ಕರ್ನಾಟಕದ 24ರ ಹರೆಯದ ತರಕಾರಿ ವ್ಯಾಪಾರಿಯೊಬ್ಬನ ಮುಂದಿನ ದುಡಿಮೆಗೆ ಬಿದ್ದ ಪೆಟ್ಟಿನ ಮೊತ್ತ. ನಮ್ಮ ಕೋರ್ಟುಗಳಲ್ಲಿ ‘ಎಂವಿಸಿ ಕೇಸು’, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು, ನಡೆಸುವ ವಕೀಲರ ಕಸುಬೇನು ಎಂದು ತಿಳಿಯಲು ಈ ಒಂದು ಸಾಲನ್ನು ಬಿಡಿಸಿ ನೋಡಿದರೆ ಸಾಕು. ಒಂದೊಂದು ಅಂಕಿಯ ಹಿಂದೆಯೂ ದಶಕಗಳ ವಾದ-ವಿವಾದವಿದೆ.

ಸತ್ತವರ ಕುಟುಂಬ ಪರಿಹಾರ ಕೇಳಬಹುದು ಎಂದು ಭಾರತದಲ್ಲಿ ಮೊದಲು ಬರೆದಿಟ್ಟದ್ದು 1855ರ ಮಾರಕ ಅಪಘಾತಗಳ ಕಾಯ್ದೆ. ಆದರೆ ಅದಕ್ಕೆ ಸಿವಿಲ್ ದಾವೆ ಹೂಡಬೇಕಿತ್ತು, ಕೇಳುವ ಮೊತ್ತಕ್ಕೆ ತಕ್ಕಷ್ಟು ಕೋರ್ಟ್ ಶುಲ್ಕ ಕಟ್ಟಬೇಕಿತ್ತು. ಮನೆಯ ಯಜಮಾನನೇ ಲಾರಿಗೆ ಸಿಕ್ಕಿ ಸತ್ತ ಮೇಲೆ ಆ ದುಡ್ಡು ಎಲ್ಲಿಂದ ಬರಬೇಕು? 1939ರ ಮೋಟಾರು ವಾಹನ ಕಾಯ್ದೆಯಲ್ಲಿದ್ದ ಮೂರನೆಯವರ ವಿಮೆ 1946ರಿಂದ ಕಡ್ಡಾಯವಾಗಿ, ಪರಿಹಾರ ಕೊಡುವ ಕೈಯೊಂದು ಸಿಕ್ಕಿತು. 1956ರ ತಿದ್ದುಪಡಿ ಕ್ಲೇಮು ನ್ಯಾಯಮಂಡಳಿಗಳಿಗೆ ದಾರಿ ತೆರೆದು, ಕೇಳುವವರಿಗೆ ಬಾಗಿಲೊಂದನ್ನು ಕೊಟ್ಟಿತು. ಅಪಘಾತದ ಕೇಸನ್ನೇ ನೆಚ್ಚಿಕೊಂಡ ವಕೀಲರ ವರ್ಗ ಬೆಳೆದದ್ದು ಈ ಬಾಗಿಲಲ್ಲಿ.

ಬಾಗಿಲು ತೆರೆದರೂ ಲೆಕ್ಕ ಇತ್ಯರ್ಥವಾಗಿರಲಿಲ್ಲ. ಒಂದೇ ವಯಸ್ಸಿನ, ಒಂದೇ ಸಂಬಳದ ಇಬ್ಬರಿಗೆ ಎರಡು ಊರುಗಳಲ್ಲಿ ಎರಡು ಬಗೆಯ ಮೊತ್ತ ಸಿಗುತ್ತಿತ್ತು. ಬದುಕಿದ್ದರೆ ಇನ್ನೆಷ್ಟು ವರ್ಷ ದುಡಿಯುತ್ತಿದ್ದ ಎಂದು ಎಣಿಸಿ, ಅಷ್ಟೂ ವರ್ಷಗಳಿಂದ ಗುಣಿಸಿದವರೂ ಇದ್ದರು. ಮೂವತ್ತು ವರ್ಷಗಳ ಗಳಿಕೆ ಒಂದೇ ದಿನ ಕೈಗೆ ಬಂದರೆ ಅದಕ್ಕೆ ಬಡ್ಡಿಯೂ ಹುಟ್ಟುತ್ತದೆ, ಆದ್ದರಿಂದ ಗುಣಕ ಚಿಕ್ಕದಿರಬೇಕು ಎಂಬುದು ಇಂಗ್ಲೆಂಡಿನ ನ್ಯಾಯಾಲಯಗಳಿಂದ ಬಂದ ತರ್ಕ. ಕೇರಳ ಸಾರಿಗೆ ನಿಗಮದ ಪ್ರಕರಣವೊಂದರಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಕಾಯ್ದೆಗೆ ಸೇರಿದ ಎರಡನೇ ಅನುಸೂಚಿಯ ಕೋಷ್ಟಕದಲ್ಲಿ ಎಷ್ಟು ತಪ್ಪುಗಳಿದ್ದವೆಂದರೆ, ಎರಡೇ ವರ್ಷದಲ್ಲಿ ಕೋರ್ಟೇ ಅವನ್ನು ಎತ್ತಿ ತೋರಿಸಬೇಕಾಯಿತು.

ಈ ಗೊಂದಲಕ್ಕೆ ತೆರೆ ಎಳೆದದ್ದು ದೆಹಲಿ ಸಾರಿಗೆ ನಿಗಮದ ವಿರುದ್ಧದ ಮೊಕದ್ದಮೆಯಲ್ಲಿ 2009ರ ಏಪ್ರಿಲ್‌ನಲ್ಲಿ ಬಂದ ತೀರ್ಪು. ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ಒಂದು ದಶಕಕ್ಕೂ ಹೆಚ್ಚು ಕಾಲ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. 15ರಿಂದ 25ರ ವಯಸ್ಸಿಗೆ ಗುಣಕ 18. ಆಮೇಲೆ ಐದೈದು ವರ್ಷಕ್ಕೆ ಒಂದೊಂದು ಇಳಿದು 46ರಿಂದ 50ಕ್ಕೆ 13. ಅಲ್ಲಿಂದ ಎರಡೆರಡು ಇಳಿದು 66ರಿಂದ 70ಕ್ಕೆ 5. ವಕೀಲರಿಗೆ ಈ ಪಟ್ಟಿ ಈಗ ಬಾಯಿಪಾಠ. ತರಕಾರಿ ವ್ಯಾಪಾರಿಯ ಲೆಕ್ಕದ 18 ಬಂದದ್ದು ಇಲ್ಲಿಂದ.

9,750ರ ಮೂಲ 6,500. ಸಂಬಳದ ಚೀಟಿ ಇಲ್ಲದವನ ತಿಂಗಳ ಗಳಿಕೆಯನ್ನು ಹೇಗೆ ತೋರಿಸುವುದು? ಸ್ವಂತ ವ್ಯಾಪಾರ ಮಾಡುವವನ ಬಳಿ ದಾಖಲೆ ಕೇಳುವುದೇ ಸರಿಯಲ್ಲ, ಬೆಲೆಯೇರಿಕೆಯ ಈ ದಿನಗಳಲ್ಲಿ ತರಕಾರಿ ಮಾರುವವನು ಇಷ್ಟು ದುಡಿದಾನು ಎಂದಿತು ಕೋರ್ಟ್. ಮುಂದೆ ಹೆಚ್ಚಬಹುದಾದ ಗಳಿಕೆಗೆಂದು ಶೇ 50 ಸೇರಿಸಿತು. 2017ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಕಾಯಂ ನೌಕರಿಯಲ್ಲಿರುವ, 40 ದಾಟದವರಿಗೆ ಶೇ 50, ಅದೇ ವಯಸ್ಸಿನ ಸ್ವಂತ ದುಡಿಮೆಯವರಿಗೆ ಶೇ 40 ಎಂದು ಗೊತ್ತುಮಾಡಿತು. ಆ ಲೆಕ್ಕದಲ್ಲಿ ಇದೇ ವ್ಯಾಪಾರಿಗೆ 1,19,340 ರೂಪಾಯಿ ಕಡಿಮೆಯಾಗುತ್ತದೆ.

ಕೊನೆಯದು 85, ದುಡಿಮೆಯ ಶಕ್ತಿ ಶೇಕಡಾ ಎಷ್ಟು ಹೋಯಿತು ಎಂಬುದರ ಅಳತೆ. ವಕೀಲರ ನಿಜವಾದ ಕಸುಬು ಇರುವುದು ಈ ಅಂಕಿಯಲ್ಲೇ. ವ್ಯಾಪಾರಿ ಕೂತಲ್ಲೇ ತರಕಾರಿ ಮಾರಬಹುದು, ಓಡಾಟ ಅಷ್ಟೇನೂ ಬೇಕಿಲ್ಲ ಎಂಬುದು ಹೈಕೋರ್ಟಿನ ಎಣಿಕೆಯಾಗಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಗಟು ಮಾರುಕಟ್ಟೆಗೋ ರೈತರ ಬಳಿಗೋ ಹೋಗಿ ಮಾಲು ತರಬೇಕು, ಗಾಡಿ ತಳ್ಳಿಕೊಂಡು ಬೀದಿ ಸುತ್ತಬೇಕು. ಕಾಲಿಲ್ಲದೆ ಇದಾವುದೂ ಆಗದು. ಇದರ ಬೀಜ 2010ರ ಇನ್ನೊಂದು ತೀರ್ಪಿನಲ್ಲಿದೆ, ಅದೂ ರವೀಂದ್ರನ್ ಅವರದೇ. ಎಡಗೈ ಹೋದರೆ ಬಡಗಿಯ ಅಥವಾ ಚಾಲಕನ ದುಡಿಮೆ ಬಹುಪಾಲು ಪೂರ್ತಿ ನಿಂತೇಹೋಗುತ್ತದೆ. ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ವೈದ್ಯರು ಬರೆದುಕೊಡುವ ಶೇಕಡಾವಾರು ಅಂಗದ ಊನದ್ದು. ದುಡಿಮೆಗೆ ಬಿದ್ದ ಪೆಟ್ಟನ್ನು ಅಳೆಯಬೇಕಾದದ್ದು ನ್ಯಾಯಮಂಡಳಿ. ಚಿಕಿತ್ಸೆಯನ್ನೇ ಮಾಡದ ವೈದ್ಯರು ಕೊಡುವ ಸಿದ್ಧ ಸರ್ಟಿಫಿಕೇಟುಗಳ ಬಗ್ಗೆ ಹುಷಾರಾಗಿರಿ ಎಂಬ ಎಚ್ಚರಿಕೆಯೂ ಅದೇ ತೀರ್ಪಿನಲ್ಲಿದೆ.

ಹಾಗಾಗಿ ಬಲ್ಲ ವಕೀಲರು ಎಫ್‌ಐಆರ್, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಆರೋಪಪಟ್ಟಿಗಳನ್ನು ಕೂಡಿಸಿಟ್ಟು ಸುಮ್ಮನಾಗುವುದಿಲ್ಲ. ಬೆಳಗ್ಗೆ ಎಷ್ಟಕ್ಕೆ ಏಳುತ್ತಿದ್ದಿರಿ, ಮೂಟೆ ಹೊರುತ್ತಿದ್ದವರು ಯಾರು, ಈಗ ಮೆಟ್ಟಿಲು ಹತ್ತಲು ಆಗುತ್ತದೆಯೇ ಎಂದು ಕೇಳಿ ಕೇಳಿ ಸಾಕ್ಷ್ಯಕ್ಕೆ ತರುತ್ತಾರೆ. ಪಾಟಿಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಕೆದಕುವುದೂ ಇವನ್ನೇ. ಇದಕ್ಕೆಲ್ಲ ಈಗ ಸಮಯವೂ ಬಿಗಿ: 1994ರಲ್ಲಿ ತೆಗೆದುಹಾಕಿದ್ದ ಅರ್ಜಿಯ ಗಡುವನ್ನು 2019ರ ತಿದ್ದುಪಡಿ ಆರು ತಿಂಗಳೆಂದು ಮರಳಿ ತಂದಿದ್ದು, 2022ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿದೆ.

ಅಮೆರಿಕದಲ್ಲಿ ಇಂಥ ವಕೀಲರು ಗೆದ್ದರೆ ಪಾಲು, ಸೋತರೆ ಇಲ್ಲ ಎಂಬ ಕರಾರಿನ ಮೇಲೆ ಕೇಸು ಹಿಡಿಯುತ್ತಾರೆ, ಹೆದ್ದಾರಿಯಲ್ಲಿ ಜಾಹೀರಾತು ಫಲಕ ಹಾಕುತ್ತಾರೆ. ನಮ್ಮ ವಕೀಲರ ಪರಿಷತ್ತಿನ ನಿಯಮಗಳು ಎರಡನ್ನೂ ಒಪ್ಪುವುದಿಲ್ಲ. ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಮಹಿಳೆಯಿಂದ ಪರಿಹಾರದ ಶೇಕಡಾವಾರು ಲೆಕ್ಕದಲ್ಲಿ ಶುಲ್ಕ ಕೇಳಿದ ಪ್ರಕರಣದಲ್ಲಿ, ಅದು ವೃತ್ತಿ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಕಕ್ಷಿದಾರ ಬಡವನಾದಷ್ಟೂ ಈ ನಿಯಮ ಮುರಿಯುವ ಆಸೆ ಹೆಚ್ಚು, ಏಕೆಂದರೆ ಮುಂಗಡ ಕೊಡಲು ಅವನ ಬಳಿ ಏನೂ ಇರುವುದಿಲ್ಲ. ಆದರೂ ಆ ಗುಣಾಕಾರದಲ್ಲಿ ವಕೀಲರಿಗೆಂದು ಒಂದು ಅಂಕಿಯನ್ನು ಯಾವ ತೀರ್ಪೂ ಸೇರಿಸಿಲ್ಲ. ಮೊತ್ತ ಎಷ್ಟೇ ಬರಲಿ, ಅದು ಕಾಲು ಕಳೆದುಕೊಂಡವನದು. ವಕೀಲರಿಗೆ ಸಲ್ಲಬೇಕಾದದ್ದು ಗುಣಿಸುವ ಮೊದಲು ಮಾಡಿದ ಕೆಲಸದ ಕೂಲಿ.