ತಗ್ಗುವ ನೆಲಕ್ಕೆ ಆಕಾಶದ ಅಳತೆಗೋಲು

ಅಮರಕೋಶದಲ್ಲಿ ಭೂಮಿಗೆ ಹೇಳಿರುವ ಹೆಸರುಗಳಲ್ಲಿ ‘ಅಚಲಾ’ ಎಂಬುದೊಂದು, ‘ಸ್ಥಿರಾ’ ಎಂಬುದೊಂದು. ದಿಲ್‌ಸುಖ್‌ನಗರದಲ್ಲಿ ವಾಸಿಸುವ ನಮಗೆ ಈ ಹೆಸರುಗಳು ತಕ್ಕವಾಗಿಯೇ ತೋರುವುವು. ನಮ್ಮ ಹೈದರಾಬಾದು ನಿಂತಿರುವುದು ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯದಾದ ಗ್ರಾನೈಟ್ ಶಿಲೆಯ ಮೇಲೆ. ಮನೆಗೆ ಪಾಯ ತೋಡುವಾಗ ಹಾರೆಯು ಬಂಡೆಗೆ ತಾಗಿ ಠಣ್ಣೆನ್ನುವುದು ಇಲ್ಲಿ ಅಪರೂಪವಲ್ಲ. ಆದರೆ ಕಡಲತಡಿಯ ಅನೇಕ ಮಹಾನಗರಗಳಿಗೆ ಈ ಹೆಸರುಗಳು ಸಲ್ಲವು. ಅಲ್ಲಿಯ ನೆಲ ಯಾರ ಕಣ್ಣಿಗೂ ಬೀಳದಂತೆ ವರ್ಷವರ್ಷವೂ ತಗ್ಗುತ್ತಿದೆ. ಅದನ್ನು ಕಂಡುಹಿಡಿಯುವ ಉಪಾಯ ಆಕಾಶದಲ್ಲಿದೆ; ಆ ಕೆಲಸದ ಒಂದು ಪಾಲು ನಮ್ಮ ಊರಿನ ನೆರೆಯಲ್ಲಿಯೇ ನಡೆಯುತ್ತಿದೆ.

ನೆಲ ತಗ್ಗುವುದೇಕೆ? ಹೊಸದಾಗಿ ಹತ್ತಿ ತುಂಬಿದ ಹಾಸಿಗೆಯು ಮೊದಲು ಉಬ್ಬಿಕೊಂಡಿದ್ದು, ನಾಲ್ಕು ತಿಂಗಳಲ್ಲಿ ಚಪ್ಪಟೆಯಾಗುವುದನ್ನು ನೀವೆಲ್ಲರೂ ಬಲ್ಲಿರಿ. ನದಿಗಳು ಸಮುದ್ರವನ್ನು ಸೇರುವೆಡೆಯಲ್ಲಿ ಸಾವಿರಾರು ವರ್ಷಗಳಿಂದ ತಂದು ಹಾಸಿರುವ ಜೇಡಿಮಣ್ಣೂ ಅಂಥದೇ. ಅದರ ಕಣಗಳ ನಡುವೆ ನೀರು ತುಂಬಿಕೊಂಡು, ಮೇಲಿನ ಭಾರದಲ್ಲಿ ಒಂದು ಪಾಲನ್ನು ತಾನು ಹೊತ್ತಿರುತ್ತದೆ. ಕೊಳವೆ ಬಾವಿಗಳಿಂದ ಆ ನೀರನ್ನು ಮೇಲೆತ್ತಿದರೆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಪದರವೇ ಕುಗ್ಗುವುದು. ಹಾಸಿಗೆಯ ಹತ್ತಿಯನ್ನು ಹಿಂಜಿಸಿ ಮತ್ತೆ ತುಂಬಿಸಬಹುದು. ಹೀಗೆ ಕುಗ್ಗಿದ ಜೇಡಿಯನ್ನು ಹಿಂಜುವವರು ಯಾರೂ ಇಲ್ಲ. ಮುಂದೆ ಎಷ್ಟು ಮಳೆ ಬಂದರೂ ನೆಲ ಹೆಚ್ಚುಪಾಲು ಮೊದಲಿನ ಎತ್ತರಕ್ಕೆ ಏರದು. ನಮ್ಮಲ್ಲಿಯೂ ಕೊಳವೆ ಬಾವಿಗಳು ನೂರಾರು ಅಡಿ ಇಳಿದಿವೆಯಲ್ಲವೆ ಎಂದು ನೀವು ಕೇಳಬಹುದು. ಇಲ್ಲಿ ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಅದು ತೀರಿದರೆ ಬಾವಿ ಬತ್ತುವುದು, ಬೇಸಗೆಯಲ್ಲಿ ನೀರಿನ ಟ್ಯಾಂಕರಿಗೆ ಕಾಯುವ ಕಷ್ಟವೂ ಬರುವುದು. ಬಂಡೆ ಮಾತ್ರ ಇದ್ದಲ್ಲಿಯೇ ಇರುವುದು.

ಕಡಲತಡಿಯಲ್ಲಿ ಈ ತಗ್ಗುವಿಕೆ ಇಮ್ಮಡಿ ಆಪತ್ತು. ಜಗತ್ತಿನ ಸಮುದ್ರಮಟ್ಟವು ಈಗ ವರ್ಷಕ್ಕೆ ಸುಮಾರು ೪ ಮಿಲಿಮೀಟರಿನಂತೆ ಏರುತ್ತಿದೆ. ಏರುವ ನೀರಿಗೆ ಎದುರಾಗಿ ನೆಲವೂ ಇಳಿಯತೊಡಗಿದರೆ ಎರಡನ್ನೂ ಕೂಡಿಯೇ ಲೆಕ್ಕ ಹಾಕಬೇಕು. ಮುಂಬಯಿಯ ಅಪೊಲೊ ಬಂದರಿನಲ್ಲಿ ೧೮೭೮ರಿಂದಲೂ ಉಬ್ಬರವಿಳಿತದ ಮಾಪಕವೊಂದು ನೀರಿನ ಮಟ್ಟವನ್ನು ದಾಖಲೆ ಮಾಡುತ್ತ ಬಂದಿದೆ. ಇಂದು ನಮ್ಮ ಕರಾವಳಿಯ ಇಂತಹ ಮಾಪಕಗಳ ವರದಿಯನ್ನು ಗಮನಿಸುವ ಸಾಗರ ಮಾಹಿತಿ ಕೇಂದ್ರವಿರುವುದು, ಕಡಲಿನಿಂದ ಬಹುದೂರದಲ್ಲಿರುವ ಹೈದರಾಬಾದಿನ ಪ್ರಗತಿನಗರದಲ್ಲಿ ಎಂಬುದು ಸ್ವಾರಸ್ಯದ ಸಂಗತಿ. ಆದರೆ ಮಾಪಕಕ್ಕೆ ಒಂದು ಮಿತಿಯುಂಟು. ಅದು ದಡದ ನೆಲಕ್ಕೇ ಅಂಟಿಕೊಂಡು ನಿಂತಿದೆ. ನೀರು ಏರಿತೋ, ತಾನು ನಿಂತ ನೆಲವೇ ಇಳಿಯಿತೋ, ಅದೊಂದರಿಂದಲೇ ತಿಳಿಯುವಂತಿಲ್ಲ. ಊರಿನ ಒಳಗಿನ ಬೀದಿಬೀದಿಗಳ ಸ್ಥಿತಿಯಂತೂ ಅದಕ್ಕೆ ಗೊತ್ತೇ ಆಗದು.

ಇಲ್ಲಿಯೇ ಕೃತಕ ಉಪಗ್ರಹದ ರೇಡಾರ್ ಸಹಾಯಕ್ಕೆ ಬರುವುದು. ರೇಡಾರ್ ತಾನೇ ರೇಡಿಯೋ ಅಲೆಗಳನ್ನು ಹೊರಡಿಸಿ, ಅವು ನೆಲಕ್ಕೆ ತಾಗಿ ಮರಳಿದಾಗ ಸ್ವೀಕರಿಸುವುದು. ಅದಕ್ಕೆ ಸೂರ್ಯನ ಬೆಳಕು ಬೇಡ. ಮುಂಗಾರಿನ ಕಾರ್ಮೋಡವೂ ಅಡ್ಡಿಯಲ್ಲ. ಆದರೂ ಸುಮಾರು ೭೦೦ ಕಿಲೋಮೀಟರ್ ಎತ್ತರದಿಂದ, ಎಂದರೆ ಇಲ್ಲಿಂದ ಮುಂಬಯಿಗೆ ರಸ್ತೆಯಲ್ಲಿ ಹೋಗುವಷ್ಟು ದೂರದಿಂದ, ಮಿಲಿಮೀಟರಿನ ವ್ಯತ್ಯಾಸವನ್ನು ಅಳೆಯುವುದು ಹೇಗೆ?

ಗೋಡೆಯ ಗಡಿಯಾರದಲ್ಲಿ ಗಂಟೆಯ ಮುಳ್ಳು ಕಳಚಿಹೋಗಿ, ನಿಮಿಷದ ಮುಳ್ಳು ಮಾತ್ರ ಉಳಿದಿದೆ ಎಂದು ಭಾವಿಸಿರಿ. ಅದನ್ನು ನೋಡಿ ಗಂಟೆ ಎಷ್ಟೆಂದು ಹೇಳಲಾಗದು. ಆದರೆ ಆಗ ನೋಡಿದ್ದಕ್ಕೂ ಈಗ ನೋಡಿದ್ದಕ್ಕೂ ನಡುವೆ ಎಷ್ಟು ನಿಮಿಷ ಕಳೆಯಿತೆಂಬುದನ್ನು ಖಚಿತವಾಗಿ ಹೇಳಬಹುದು. ಮರಳಿ ಬಂದ ಅಲೆಯೂ ಹೀಗೆಯೇ. ಒಟ್ಟು ಎಷ್ಟು ಅಲೆಗಳು ದಾರಿಯಲ್ಲಿ ಅಡಗಿವೆಯೆಂಬುದನ್ನು ಅದು ತಿಳಿಸದು. ಕೊನೆಯ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿ ಬಂದು ಮುಟ್ಟಿತೆಂಬುದನ್ನು ಮಾತ್ರ ತಿಳಿಸುವುದು. ಈ ಹಂತಕ್ಕೆ ಪ್ರಾವಸ್ಥೆ ಎಂದು ಹೆಸರು. ಉಪಗ್ರಹವು ಕೆಲವು ದಿನಗಳ ಬಳಿಕ ಅದೇ ದಾರಿಯಲ್ಲಿ ಬಂದು ಮತ್ತೆ ನೋಡಿದಾಗ ಪ್ರಾವಸ್ಥೆ ಬದಲಾಗಿದ್ದರೆ, ನೆಲಕ್ಕೂ ಉಪಗ್ರಹಕ್ಕೂ ನಡುವಣ ದೂರ ಬದಲಾಗಿದೆ ಎಂದಾಯಿತು. ಯೂರೋಪಿನ ಸೆಂಟಿನೆಲ್-೧ ಉಪಗ್ರಹದ ಅಲೆಯ ಉದ್ದ ಸುಮಾರು ೫.೬ ಸೆಂಟಿಮೀಟರ್. ಅಲೆ ಹೋಗಿ ಬರಬೇಕಾದುದರಿಂದ, ದೂರದಲ್ಲಿ ೨.೮ ಸೆಂಟಿಮೀಟರ್ ವ್ಯತ್ಯಾಸವಾದರೆ ಮುಳ್ಳು ಒಂದು ಪೂರ್ಣ ಸುತ್ತು ಸುತ್ತಿದಂತೆ. ಆ ಸುತ್ತಿನ ಅರವತ್ತನೆಯ ಒಂದು ಪಾಲು ಅರ್ಧ ಮಿಲಿಮೀಟರಿಗಿಂತಲೂ ಕಡಮೆ! ಎರಡು ನೋಟಗಳ ನಡುವೆ ಮುಳ್ಳು ಪೂರ್ತಿ ಸುತ್ತುಗಳನ್ನು ಹಾಕಿಬಿಟ್ಟರೆ ಲೆಕ್ಕ ತಪ್ಪುವುದಷ್ಟೆ. ಆದುದರಿಂದಲೇ ಉಪಗ್ರಹ ಬೇಗಬೇಗನೆ ಮರಳಿ ಬರಬೇಕು.

ಈ ವಿದ್ಯೆಯು ಜನರ ಗಮನಕ್ಕೆ ಬಂದುದು ಒಂದು ಭೂಕಂಪದಿಂದ. ೧೯೯೨ರ ಜೂನ್ ೨೮ರಂದು ಕ್ಯಾಲಿಫೋರ್ನಿಯದ ಲ್ಯಾಂಡರ್ಸ್ ಎಂಬಲ್ಲಿ ನೆಲ ನಡುಗಿದಾಗ ಅದು ಎಷ್ಟೆಷ್ಟು ಸರಿಯಿತೆಂಬುದನ್ನು ರೇಡಾರಿನ ಮೂಲಕ ಪಡೆದ ಚಿತ್ರವು ಮರುವರ್ಷ ಪ್ರಕಟವಾಯಿತು. ಆದರೆ ನಗರದ ನಿಧಾನವಾದ ತಗ್ಗುವಿಕೆ ಇನ್ನೂ ಸೂಕ್ಷ್ಮವಾದ ಕೆಲಸ. ಗಾಳಿಯಲ್ಲಿನ ತೇವವು ಅಲೆಯನ್ನು ತುಸು ತಡೆಯುವುದು. ಗಿಡಮರಗಳ ಎಲೆ ಅಲುಗಾಡುವುದು. ೧೯೯೦ರ ದಶಕದ ಕೊನೆಗೆ ಇಟಲಿಯ ಮಿಲಾನ್ ನಗರದ ವಿದ್ವಾಂಸರು ಇದಕ್ಕೆ ಉಪಾಯ ಕಂಡರು. ರಬ್ಬರ್ ಚೆಂಡನ್ನು ನೆಲವೂ ಗೋಡೆಯೂ ಕೂಡುವ ಮೂಲೆಗೆ ಎಸೆದರೆ ಅದು ಎಸೆದವನ ಕಡೆಗೇ ಹಿಂತಿರುಗುವುದಲ್ಲವೆ? ಕಟ್ಟಡಗಳ ಮೂಲೆಗಳು, ಸೇತುವೆಗಳು, ನಮ್ಮ ದಿಲ್‌ಸುಖ್‌ನಗರದ ರಸ್ತೆಯ ಮೇಲೆ ಸಾಲಾಗಿ ನಿಂತಿರುವ ಮೆಟ್ರೋ ಕಂಬಗಳಂಥವು, ರೇಡಾರ್ ಅಲೆಯನ್ನು ಹಾಗೆಯೇ ಬಲವಾಗಿ ಹಿಂದಿರುಗಿಸುವುವು. ಇಂತಹ ನಿಶ್ಚಲ ಬಿಂದುಗಳನ್ನೇ ಆರಿಸಿಕೊಂಡು, ಹತ್ತಾರು ಚಿತ್ರಗಳನ್ನು ಸಾಲಾಗಿ ಹೋಲಿಸಿದರೆ ಗಾಳಿಯ ತೊಡಕು ಬಹುಮಟ್ಟಿಗೆ ಕಳೆಯುವುದು. ಇಷ್ಟಾದರೂ ರೇಡಾರ್ ಹೇಳುವುದು ಓರೆಯ ನೋಟದ ದೂರವನ್ನು, ಅದೂ ಸ್ಥಿರವೆಂದು ಭಾವಿಸಿದ ಒಂದು ತಾಣಕ್ಕೆ ಹೋಲಿಸಿ. ನೆಲದ ಮೇಲೆ ನಿಂತು ಅಳೆಯುವವರ ಕೆಲಸ ಹಾಗಾಗಿ ಇನ್ನೂ ಮುಗಿದಿಲ್ಲ.

ಸೆಂಟಿನೆಲ್ ಉಪಗ್ರಹವು ೨೦೧೫ರಿಂದ ೨೦೨೩ರವರೆಗೆ ಕಳಿಸಿದ ಚಿತ್ರಗಳಿಂದ ನಮ್ಮ ದೇಶದ ಐದು ಮಹಾನಗರಗಳನ್ನು ಪರೀಕ್ಷಿಸಿದ ಸಂಶೋಧನೆಯೊಂದು ೨೦೨೫ರ ಅಕ್ಟೋಬರಿನಲ್ಲಿ ಹೊರಬಂದಿತು. ಅತಿ ಹೆಚ್ಚು ತಗ್ಗುವ ತಾಣಗಳಲ್ಲಿ ವರ್ಷಕ್ಕೆ ದೆಹಲಿಯಲ್ಲಿ ಸುಮಾರು ೫೧, ಚೆನ್ನೈಯಲ್ಲಿ ಸುಮಾರು ೩೨, ಮುಂಬಯಿಯಲ್ಲಿ ೨೬, ಕೋಲ್ಕತ್ತದಲ್ಲಿ ೧೬ ಮಿಲಿಮೀಟರ್ ಎಂದು ಅದು ತಿಳಿಸುತ್ತದೆ. ಕಲ್ಲುನೆಲದ ನಮ್ಮ ಬೆಂಗಳೂರಿನಲ್ಲಿ ಸುಮಾರು ೭, ಐದರಲ್ಲಿ ಅತ್ಯಂತ ಕಡಮೆ. ಚೆನ್ನೈಯಲ್ಲಿ ಅಡಯಾರು ನದಿಯ ಬಯಲು, ಕೋಡಂಬಾಕಂ, ತೊಂಡಿಯಾರ್‌ಪೇಟೆ ಮುಂತಾದ ಭಾಗಗಳು ತಗ್ಗುತ್ತಿವೆ. ಊರೆಲ್ಲ ಒಂದೇ ಸಮನಾಗಿ ಇಳಿದರೆ ಮನೆಗಳಿಗೆ ಕೇಡು ಕಡಮೆ. ಒಂದು ಮೂಲೆ ಇಳಿದು ಇನ್ನೊಂದು ನಿಂತರೆ ಗೋಡೆ ಬಿರಿಯುವುದು, ಚರಂಡಿಯ ಇಳಿಜಾರು ಕೆಟ್ಟು ಮಳೆಯ ನೀರು ಮಡುಗಟ್ಟುವುದು.

ಇದರ ಪರಿಣಾಮವೇನೆಂಬುದನ್ನು ಇಂಡೋನೇಷ್ಯದ ಜಕಾರ್ತ ತೋರಿಸಿದೆ. ಅದರ ಉತ್ತರಭಾಗದ ಎಷ್ಟೋ ಕಡೆ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿಳಿದು, ಗೋಡೆ ಕಟ್ಟಿ ಕಡಲನ್ನು ತಡೆಯಬೇಕಾಗಿದೆ. ಬೇರೆಡೆಗೆ ರಾಜಧಾನಿಯನ್ನು ಸಾಗಿಸುವ ನಿರ್ಧಾರವನ್ನು ೨೦೧೯ರಲ್ಲಿ ಪ್ರಕಟಿಸಿದಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು. ಟೋಕಿಯೋ ನಗರ ಬೇರೊಂದು ಹಾದಿ ಹಿಡಿಯಿತು. ಅಲ್ಲಿಯ ಪೂರ್ವದ ತಗ್ಗುಪ್ರದೇಶ ೪ ಮೀಟರಿಗೂ ಮಿಗಿಲಾಗಿ ಕುಸಿದ ಮೇಲೆ, ೧೯೫೬ರಲ್ಲಿ ಕೈಗಾರಿಕೆಗಳೂ ೧೯೬೨ರಲ್ಲಿ ದೊಡ್ಡ ಕಟ್ಟಡಗಳೂ ಅಂತರ್ಜಲ ಎತ್ತುವುದಕ್ಕೆ ಕಾನೂನಿನ ಕಟ್ಟುಪಾಡು ಬಂದಿತು. ೧೯೭೦ರ ದಶಕದಲ್ಲಿ ಕುಸಿತ ಬಹುತೇಕ ನಿಂತಿತು. ಇಳಿದ ನೆಲ ಮಾತ್ರ ಇಳಿದೇ ಇದೆ. ಒಡ್ಡುಗಳ ಮತ್ತು ಪಂಪುಗಳ ಕಾವಲಿನಲ್ಲಿ ಲಕ್ಷಾಂತರ ಜನ ಅಲ್ಲಿ ಬಾಳುತ್ತಿದ್ದಾರೆ.

೨೦೨೫ರ ಜುಲೈ ೩೦ರಂದು ಶ್ರೀಹರಿಕೋಟೆಯಿಂದ ನಿಸಾರ್ ಎಂಬ ಉಪಗ್ರಹ ಮೇಲೇರಿತು. ಅಮೆರಿಕದ ನಾಸಾ, ನಮ್ಮ ಇಸ್ರೋ, ಎರಡೂ ಕೂಡಿ ರೂಪಿಸಿದ ಇದರಲ್ಲಿ ಎರಡು ರೇಡಾರುಗಳಿವೆ. ನಾಸಾದ ರೇಡಾರಿನ ಅಲೆ ಸುಮಾರು ೨೪ ಸೆಂಟಿಮೀಟರ್ ಉದ್ದದ್ದಾದುದರಿಂದ ಗಿಡಗಳ ಎಲೆಗಳ ನಡುವೆಯೂ ನುಸುಳಿ ನೆಲವನ್ನು ಮುಟ್ಟಬಲ್ಲುದು. ಇಸ್ರೋದ್ದು ಅದಕ್ಕಿಂತ ಗಿಡ್ಡ. ೭೪೭ ಕಿಲೋಮೀಟರ್ ಎತ್ತರದಲ್ಲಿ, ೧೨ ಮೀಟರ್ ಅಗಲದ ಕೊಡೆಯಂತಹ ಜಾಲರಿಯನ್ನು ಬಿಚ್ಚಿಕೊಂಡು, ೧೨ ದಿನಗಳಿಗೊಮ್ಮೆ ಅದು ತನ್ನ ಹಳೆಯ ಹಾದಿಗೆ ಮರಳುವುದು. ಅದು ಕಳಿಸುವ ಸಂಕೇತಗಳನ್ನು ಭಾರತದ ಪರವಾಗಿ ಸ್ವೀಕರಿಸುವ ನೆಲೆಗಳಲ್ಲೊಂದು ಅಂಟಾರ್ಕ್ಟಿಕದಲ್ಲಿದೆ. ಇನ್ನೊಂದು ಶಾದನಗರದಲ್ಲಿ, ದಿಲ್‌ಸುಖ್‌ನಗರದಿಂದ ಬಸ್ಸಿನಲ್ಲಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಬರಬಹುದಾದಷ್ಟು ಹತ್ತಿರ. ಅಲ್ಲಿಯ ಬಿಳಿಯ ಬೋಗುಣಿಗಳಲ್ಲಿ ಬಂದಿಳಿಯುವ ಅಂಕಿಗಳನ್ನು, ಬಾಲಾನಗರದಲ್ಲಿ ಕೇಂದ್ರ ಕಚೇರಿಯನ್ನುಳ್ಳ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು ಸಂಸ್ಕರಿಸಿ, ಬೇಕಾದವರಿಗೆ ಒದಗಿಸುತ್ತಾರೆ.