ನಕ್ಷೆ ಬರೆದವನನ್ನೇ ನುಂಗಿದ ನದಿ

ಸೀಮೆಎಣ್ಣೆ ಡಿಪೋ ಮುಂದೆ ಉರುಳಾಡುತ್ತಿದ್ದ ಪೀಪಾಯಿ ನೆನಪಿದೆಯೇ? ಆ ಹೆಸರು ಪೋರ್ಚುಗಲ್ಲಿನಿಂದ ಹಡಗು ಹತ್ತಿ ಬಂದದ್ದು. ಅವರ ‘ಪೀಪಾ’ ನಮ್ಮ ಬಾಯಲ್ಲಿ ಪೀಪಾಯಿ ಆಯಿತು. ತವರಿನಲ್ಲಿ ಅದು ಇವತ್ತಿಗೂ ಅಳತೆಯ ಮಾತು: ದೌರೊ ನದಿಯ ಕಣಿವೆಯಲ್ಲಿ ಒಂದು ಪೀಪಾ ಎಂದರೆ 550 ಲೀಟರ್ ವೈನ್. ಗೋವಾಕ್ಕೆ ಹೋದವರು ಬಟ್ಟೆಯಲ್ಲಿ ಸುತ್ತಿ ತರುವ ‘ಪೋರ್ಟ್ ವೈನ್’ಗೆ ಹೆಸರು ಕೊಟ್ಟದ್ದೂ ಈ ನದಿ ಕಡಲು ಸೇರುವ ಪೋರ್ಟೊ ಊರೇ. ವೈನು ಗೋವಾದ್ದು, ಹೆಸರಷ್ಟೇ ಅಲ್ಲಿಯದು.

ಪೋರ್ಟೊದಿಂದ ನದಿಯ ಮೇಲ್ಮುಖವಾಗಿ ಹೊರಟರೆ ರೇಗುವಾ, ಆಮೇಲೆ ಪಿನ್ಯಾಂವ್. ಎರಡೂ ದಡದ ಗುಡ್ಡಗಳನ್ನು ಕಲ್ಲುಗೋಡೆ ಕಟ್ಟಿ ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮಾಡಿದ್ದಾರೆ. ಮಣ್ಣು ಹೆಸರಿಗಷ್ಟೇ, ಉಳಿದದ್ದೆಲ್ಲ ಪದರ ಪದರವಾಗಿ ಬಿರಿಯುವ ಕಲ್ಲು. ದ್ರಾಕ್ಷಿ ಬಳ್ಳಿಯ ಬೇರು ಆ ಬಿರುಕಿಗಿಳಿದು ನೀರು ಹುಡುಕುತ್ತದೆ. ಪಿನ್ಯಾಂವ್ ರೈಲು ನಿಲ್ದಾಣದ ಗೋಡೆಯ ನೀಲಿ ಟೈಲುಗಳ ಮುಂದೆ, ಲಮೇಗೊ ಊರಿನ ಇಗರ್ಜಿಯ 686 ಮೆಟ್ಟಿಲುಗಳ ಮೇಲೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. 2001ರಲ್ಲಿ ಯುನೆಸ್ಕೊ ಪಟ್ಟವೂ ಬಂತು.

ಈ ದಾರಿಯ ಪ್ರವಾಸಿಗಳ ಕಿವಿಗೆ ಬೀಳುವ ಕಥೆ ಒಂದು. 1861ರ ಮೇ 12ರಂದು ವಲೇಯ್ರಾ ಎಂಬ ಕಡಿದಾದ ಕಮರಿಯ ಸುಳಿಯಲ್ಲಿ ದೋಣಿ ಮಗುಚಿತು. ಕಣಿವೆಯ ದೊಡ್ಡ ತೋಟಗಾರ್ತಿ ಡೋನಾ ಅಂಟೋನಿಯಾ ಫೆರೇರಾಳ ಕೊಡೆಯಂಥ ಲಂಗದಲ್ಲಿ ಗಾಳಿ ತುಂಬಿ ಆಕೆ ತೇಲಿದಳಂತೆ. ಜೊತೆಗಿದ್ದ ಇಂಗ್ಲಿಷ್ ಸಾಹೇಬ ಸೊಂಟದ ಪಟ್ಟಿಯಲ್ಲಿ ಚಿನ್ನದ ನಾಣ್ಯ ಕಟ್ಟಿಕೊಂಡಿದ್ದರಿಂದ ಮುಳುಗಿದನಂತೆ. ಕೇಳಿದವರು ನಗುತ್ತಾರೆ, ಗ್ಲಾಸು ಎತ್ತುತ್ತಾರೆ. ಆ ಸಾಹೇಬ ಯಾರೆಂದು ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ಅವನ ಹೆಸರು ಜೋಸೆಫ್ ಜೇಮ್ಸ್ ಫಾರೆಸ್ಟರ್. ಹಲ್ ಪಟ್ಟಣದವನು. 1831ರಲ್ಲಿ ಚಿಕ್ಕಪ್ಪನ ವೈನ್ ವ್ಯಾಪಾರಕ್ಕೆಂದು ಪೋರ್ಟೊಗೆ ಬಂದ. ಬಂದರಿನಲ್ಲಿ ಕೂತು ಲೆಕ್ಕ ಬರೆಯುವುದು ಬಿಟ್ಟು ನದಿಯ ಹಿಂದೆ ಬಿದ್ದ. ಸ್ಪೇನ್ ಗಡಿಯಿಂದ ಸಮುದ್ರದವರೆಗೆ ಅವನು ಅಳೆದು ಬರೆದ ದೌರೊ ನಕ್ಷೆ 1848ರಲ್ಲಿ ಅಚ್ಚಾಯಿತು. ಪೋರ್ಚುಗಲ್ ಸರಕಾರ ಅವನನ್ನು ಬ್ಯಾರನ್ ಮಾಡಿತು.

ಅದಕ್ಕೂ ಮೊದಲೇ, 1844ರಲ್ಲಿ, ಹೆಸರು ಹಾಕದೆ ಒಂದು ಪುಸ್ತಿಕೆ ತಂದು ತನ್ನವರ ಜೇನುಗೂಡಿಗೇ ಕಲ್ಲು ಹೊಡೆದಿದ್ದ. ವಿಷಯ ಕಲಬೆರಕೆ.

ಕಲಬೆರಕೆಯ ಚರಿತ್ರೆ ಹಳೆಯದು. 1703ರ ಮೆಥುವೆನ್ ಒಪ್ಪಂದದಿಂದ ಇಂಗ್ಲೆಂಡಿನಲ್ಲಿ ಪೋರ್ಚುಗೀಸ್ ವೈನಿನ ಸುಂಕ ಫ್ರೆಂಚ್ ವೈನಿಗಿಂತ ಮೂರನೇ ಒಂದು ಪಾಲು ಕಡಿಮೆಯಾಯಿತು. ಬೇಡಿಕೆ ಏರಿತು. ಬಣ್ಣ ಸಾಲದ ವೈನಿಗೆ ಎಲ್ಡರ್‌ಬೆರಿ ಹಣ್ಣಿನ ರಸ ಬೆರೆಸುವುದು ರೂಢಿಯಾಯಿತು. 1756ರಲ್ಲಿ ಮಂತ್ರಿ ಪೊಂಬಾಲ್ (1759ರಲ್ಲಿ ಜೆಸ್ವಿಟರನ್ನು ಪೋರ್ಚುಗೀಸ್ ಸೀಮೆಯಿಂದ, ಗೋವಾ ಸಮೇತ, ಹೊರಹಾಕಿದವನೂ ಇವನೇ) ಒಂದು ಕಂಪನಿ ಕಟ್ಟಿ ವ್ಯಾಪಾರವನ್ನು ಅದರ ಕೈಗೆ ಕೊಟ್ಟ. ಎಲ್ಡರ್‌ಬೆರಿ ಗಿಡಗಳನ್ನು ಕೀಳಿಸಿದ. ಒಳ್ಳೆಯ ವೈನಿನ ಸೀಮೆಗೆ 335 ಗ್ರಾನೈಟ್ ಗಡಿಕಲ್ಲು ನೆಡಿಸಿದರು. ಕೆಲವು ಈಗಲೂ ತೋಟಗಳಲ್ಲಿ ನಿಂತಿವೆ. ಕಂಪನಿಯ ಕಾಟ ತಾಳದೆ 1757ರಲ್ಲಿ ಪೋರ್ಟೊದ ಹೆಂಡದಂಗಡಿಯವರು ಬೀದಿಗಿಳಿದಾಗ ಹಲವರನ್ನು ಗಲ್ಲಿಗೇರಿಸಿದ. ಗಡಿಕಲ್ಲು ಉಳಿದವು, ಕಲಬೆರಕೆಯೂ ಉಳಿಯಿತು.

ಫಾರೆಸ್ಟರ್ ಬ್ರಾಂದಿಯ ಮೇಲೂ ಹರಿಹಾಯ್ದ. ತುಳಿದ ರಸ ಹುದುಗು ಬರುತ್ತಿರುವಾಗಲೇ ಬ್ರಾಂದಿ ಸುರಿದರೆ ಹುದುಗು ಸಾಯುತ್ತದೆ, ಹಣ್ಣಿನ ಸಕ್ಕರೆ ಹಾಗೇ ಉಳಿಯುತ್ತದೆ. 1820ರ ಬೆಳೆ ತಾನಾಗಿಯೇ ಅಪರೂಪದ ಸಿಹಿಯಾಗಿತ್ತಂತೆ. ಗಿರಾಕಿಗಳು ಪ್ರತಿ ವರ್ಷವೂ ಅದನ್ನೇ ಕೇಳಿದರು. ಬಿಸಿಲು ಕೊಡದ ಸಿಹಿಯನ್ನು ವ್ಯಾಪಾರಿಗಳು ಕೊಟ್ಟರು. ವೈನು ವೈನಾಗಿಯೇ ಇರಲಿ ಎಂದದ್ದಕ್ಕೆ ಫಾರೆಸ್ಟರನ ಮೇಲೆ ಇಂಗ್ಲಿಷ್ ವರ್ತಕರು ಮುಗಿಬಿದ್ದರು. ಕಣಿವೆಯ ರೈತರು, ಪಾದ್ರಿಗಳಲ್ಲಿ ಹಲವರು ಅವನ ಬೆನ್ನಿಗೆ ನಿಂತರು. ಸೋತದ್ದು ಫಾರೆಸ್ಟರ್. ಇವತ್ತಿನ ಪೋರ್ಟ್ ಅವನು ಬೇಡವೆಂದ ಆ ಸಿಹಿಯೇ.

ಆದರೂ ತಮಾಷೆ ನೋಡಿ. ಬ್ರಾಂದಿ ಹಾಕದ ದೌರೊ ವೈನಿಗೆ ಹೊರಗೆ ಮರ್ಯಾದೆ ತಂದದ್ದು 1952ರಲ್ಲಿ ಹುಟ್ಟಿದ ಬಾರ್ಕಾ ವೇಲ್ಯ. ಮಾಡಿದ್ದು ಫೆರೇರಾ ಸಂಸ್ಥೆ, ಅದೇ ಲಂಗದ ಅಂಟೋನಿಯಾಳ ಮನೆತನದ್ದು. ಅಷ್ಟರಲ್ಲಿ ಸಾಹೇಬ ಸತ್ತು 91 ವರ್ಷ.

ವಲೇಯ್ರಾದಲ್ಲಿ ಮೊದಲು ಬಂಡೆಗಳೇ ದಾರಿ ಕಟ್ಟಿದ್ದವು. 1780ರಿಂದ ಹನ್ನೆರಡು ವರ್ಷ ಸಿಡಿಮದ್ದಿಟ್ಟು ಒಡೆದ ಮೇಲೆ ದೋಣಿ ಹಾಯಿತು. ರಾಣಿ ಮರಿಯಾಳ ಕಾಲದ ಆ ಸಾಹಸವನ್ನು ಬಂಡೆಯ ಮೇಲೆ ಕೆತ್ತಿದ್ದಾರೆ. ಬಂಡೆ ಒಡೆದರೂ ಸೆಳೆತ ಹೋಗಲಿಲ್ಲ. ಚಪ್ಪಟೆ ತಳದ ರಬೆಲೊ ದೋಣಿಯಲ್ಲಿ ಪೀಪಾಯಿಗಳನ್ನು ಎಷ್ಟು ಎತ್ತರಕ್ಕೆ ಪೇರಿಸುತ್ತಿದ್ದರೆಂದರೆ, ಮುಂದಿನ ನೀರು ಕಾಣಲು ಚುಕ್ಕಾಣಿಯವನು ಅಟ್ಟಣಿಗೆಯ ಮೇಲೆ ನಿಲ್ಲಬೇಕಿತ್ತು. ಕೈಯಲ್ಲಿ ದೋಣಿಯಷ್ಟೇ ಉದ್ದ ಎನ್ನಬಹುದಾದ ಹುಟ್ಟು. ಅಂಟೋನಿಯಾಳ ವೆಸೂವಿಯೊ ತೋಟದಿಂದ ಹಿಂದಿರುಗುವಾಗ ಫಾರೆಸ್ಟರನನ್ನು ಎಳೆದುಕೊಂಡದ್ದು ಅವನೇ ಅಳೆದಿದ್ದ ನೀರು. ದೇಹ ಸಿಗಲೇ ಇಲ್ಲ.

ಆಮೇಲೆ ರೈಲು ಬಂತು, ರಬೆಲೊಗಳ ಕೆಲಸ ಹೋಯಿತು. 1970ರ ದಶಕದಿಂದ ಸಾಲುಸಾಲು ಅಣೆಕಟ್ಟು. ವಲೇಯ್ರಾದ್ದು 1976ರಲ್ಲಿ ಎದ್ದು ಸುಳಿಯನ್ನೂ ಮುಳುಗಿಸಿತು. ಈಗ ದೌರೊ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕೆರೆ. ಕರಪತೇಲೊ ಅಣೆಕಟ್ಟಿನಲ್ಲಿ ಪ್ರವಾಸಿ ದೋಣಿಯನ್ನು ಲಿಫ್ಟಿನಲ್ಲಿಟ್ಟಂತೆ 35 ಮೀಟರ್ ಎತ್ತುತ್ತಾರೆ, ಗ್ಲಾಸಿನ ವೈನು ತುಳುಕುವುದಿಲ್ಲ. ರಬೆಲೊಗಳು ಪೋರ್ಟೊ ಎದುರು ದಡದ ಗಾಯಾದಲ್ಲಿ ಕಂಪನಿಗಳ ಬೋರ್ಡು ಹೊತ್ತು ನಿಂತಿವೆ. ಜೂನ್ 24ರಂದು, ಸಂತ ಜಾನನ ಹಬ್ಬಕ್ಕೆ, ಒಮ್ಮೆ ಪಂದ್ಯ ಓಡುತ್ತವೆ.

ಹೋಗುವವರು ದೋಣಿಯ ಬದಲು ಪೋರ್ಟೊದಿಂದ ಪೋಸಿನ್ಯೊ ರೈಲು ಹತ್ತಿ. ಬಲಗಡೆ ಕಿಟಕಿ ಹಿಡಿಯಿರಿ. ಪಿನ್ಯಾಂವ್ ದಾಟಿದ ಮೇಲೆ ನಿದ್ದೆ ಮಾಡಬೇಡಿ.